ಕೆಂಚು ಕೂದಲು

ಯುರೋಪಿನ ಕಥೆಗಳಲ್ಲಿ ರಾಜಕುಮಾರಿಗೆ ಹೊಂಗೂದಲು ಇರುವುದು ಚೆಲುವಿನ ಲಕ್ಷಣ. ನಮ್ಮಲ್ಲಿ ಅದಕ್ಕೆ ಕೆಂಚು ಎನ್ನುತ್ತೇವೆ. ಕೆಂಚಪ್ಪ, ಕೆಂಚಮ್ಮ ಎಂದು ಹೆಸರಿಡುವ ನಾವೇ ಶಾಲೆಯ ಅಂಗಳದಲ್ಲಿ ‘ಏ ಕೆಂಚ’ ಎಂದು ಅಣಕಿಸುತ್ತೇವೆ!

ಕೂದಲಿಗೆ ಬಣ್ಣ ಕೊಡುವುದು ಮೆಲನಿನ್ ಎಂಬ ದ್ರವ್ಯ. ಸಾಲೊಮನ್ ದ್ವೀಪಗಳ ಕಪ್ಪು ಮೈಬಣ್ಣದ ಜನರಲ್ಲೂ ಹುಟ್ಟಾ ಹೊಂಗೂದಲಿನವರಿದ್ದಾರೆ. ಅದಕ್ಕೆ ಕಾರಣವಾದ ವಂಶವಾಹಿಯನ್ನು 2012ರಲ್ಲಿ ಗುರುತಿಸಿದರು. ಅದು ರೋಗವಲ್ಲ.

ಆದರೆ ಕಪ್ಪಗಿದ್ದ ಕೂದಲು ಕೆಂಚಾಗಿ, ಎಳೆದರೆ ಕೈಗೆ ಬಂದು, ಜೊತೆಗೆ ಮಗುವಿನ ಕಾಲೂ ಬಾತರೆ ಅದು ಬೇರೆ ಮಾತು. ಇಂದಿನ ಘಾನಾ ದೇಶದಲ್ಲಿ ಡಾ. ಸಿಸಿಲಿ ವಿಲಿಯಮ್ಸ್ ಅವರು 1933ರಲ್ಲಿ ಈ ಬೇನೆಯನ್ನು ವರ್ಣಿಸಿದರು. ಅಲ್ಲಿಯ ಜನ ಅದಕ್ಕೆ ಕ್ವಾಶಿಯೋರ್ಕರ್ ಎನ್ನುತ್ತಿದ್ದರು: ತಮ್ಮನೋ ತಂಗಿಯೋ ಹುಟ್ಟಿ, ಎದೆಹಾಲು ತಪ್ಪಿದ ಕೂಸಿಗೆ ಬರುವ ಬೇನೆ. ಊಟ ಸರಿಹೋದರೆ ಹೊಸ ಕೂದಲು ಕಪ್ಪಗೆ ಬರುತ್ತದೆ. ಕೆಲವು ಮಕ್ಕಳ ಒಂದೇ ಎಳೆಯಲ್ಲಿ ಕಪ್ಪು, ಕೆಂಚು ಪಟ್ಟೆಗಳಿರುತ್ತವೆ. ಉಂಡ ತಿಂಗಳೆಷ್ಟು, ಹಸಿದ ತಿಂಗಳೆಷ್ಟು ಎಂಬ ಲೆಕ್ಕ ಅದರಲ್ಲೇ ಇದೆ.

ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಜಹೀರಾಬಾದ, ನಾರಾಯಣಖೇಡದ ಹೊಲಗಳಲ್ಲೂ ಜೋಳ, ತೊಗರಿ ಬೆಳೆಯುತ್ತೇವೆ. ತೊಗರಿಯನ್ನೆಲ್ಲ ಪೇಟೆಗೆ ಕಳಿಸುವ ಮೊದಲು ಹಾಲು ಬಿಟ್ಟ ಕೂಸಿನ ಪಾಲಿನ ಬೇಳೆಯನ್ನು ತಾಯಿತಂದೆಗಳು ತೆಗೆದಿಡಲಿ. ಅಂಗನವಾಡಿಯಲ್ಲಿ ಅದರ ತೂಕ ನೋಡಿಸಲಿ.