ಜೋಡುನಳಿಗೆ ಕೋವಿಯ ಶಾಸನ

ಕನ್ನಡ ಎಂ.ಎ. ಓದಿದವನಿಗೆ ಹಳೆಯ ಅಕ್ಷರಗಳನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ. ವೀರಗಲ್ಲು ಸಿಕ್ಕಿದರೆ ಪಾಚಿ ಕೆರೆದು ನೋಡುತ್ತಾನೆ. ಗುಡಿಯ ಕಂಬದಲ್ಲಿ ನಾಲ್ಕು ಗೀರು ಕಂಡರೂ ದೇವರನ್ನು ಮರೆತು ಕಂಬದೆದುರು ನಿಲ್ಲುತ್ತಾನೆ. ಆದರೆ ಕೋವಿಯೊಂದರ ನಳಿಗೆಯ ಅಡಿಯಲ್ಲಿ ಒತ್ತಿದ ಅಕ್ಷರಗಳನ್ನು ಓದುವುದಕ್ಕಾಗಿ ಒಬ್ಬರು ನನ್ನನ್ನು ಕರೆದಾರೆಂದು ನಾನೆಂದೂ ಎಣಿಸಿರಲಿಲ್ಲ.

ನಾನು ಬಯಲುಸೀಮೆಯವನು, ಉದ್ಯೋಗದ ನಿಮಿತ್ತ ಕೊಡಗಿಗೆ ಬಂದು ನೆಲಸಿದವನು. ನಾನು ಬಾಡಿಗೆಗಿರುವ ಮನೆಯ ಯಜಮಾನರಿಗೆ ಎಂಬತ್ತು ದಾಟಿದೆ. ಕಳೆದ ಆಗಸ್ಟ್ ಕೊನೆಯಲ್ಲಿ, ಮಳೆ ತುಸು ಹೊಳವಾಗಿದ್ದ ಒಂದು ಸಂಜೆ ಅವರು ನನ್ನನ್ನು ಕರೆದು, “ಮೇಷ್ಟ್ರೇ, ನಿಮ್ಮ ಕಣ್ಣಿನ ಕೆಲಸ ಒಂದುಂಟು” ಎಂದರು. ಚಾಪೆಯ ಮೇಲೆ ಜೋಡುನಳಿಗೆಯ ಹಳೆಯ ಕೋವಿಯೊಂದು ಮಲಗಿತ್ತು. ಪಕ್ಕದಲ್ಲಿ ಬೆಂಗಳೂರಿನಿಂದ ಹಬ್ಬಕ್ಕೆಂದು ಬಂದಿದ್ದ ಮೊಮ್ಮಗ. ಅವನ ಕೈಯಲ್ಲಿ ಹೊಚ್ಚಹೊಸ ಪ್ಲಾಸ್ಟಿಕ್ ತೋಟಾಗಳ ಪೆಟ್ಟಿಗೆ. ಕೈಲ್‌ಪೊಳ್ದ್ ಹಬ್ಬದ ದಿನ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಮುತ್ತಜ್ಜನ ಈ ಕೋವಿಯಿಂದಲೇ ಗುರಿಯಿಡಬೇಕೆಂಬುದು ಅವನ ಹಟ. ಅಜ್ಜನಿಗೆ ಏಕೋ ಮನಸ್ಸು ಒಪ್ಪದು. ಕಾರಣ ಹೇಳಲೂ ಆಗದು. “ಅಡಿಯಲ್ಲಿ ಏನೋ ಬರೆದಿದೆ, ನೋಡಿ ಹೇಳಿ” ಎಂಬುದಿಷ್ಟೇ ಅವರ ಕೋರಿಕೆ.

ಕೊಡಗಿನಲ್ಲಿ ಕೋವಿ ಬರಿಯ ಆಯುಧವಲ್ಲವೆಂಬುದನ್ನು ವಾಚಕರು ಬಲ್ಲರು. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಪುತ್ತರಿಯಂದು ಹೊಸ ಕದಿರು ಕೊಯ್ಯುವಾಗಲೂ ಈಡು ಹಾರಲೇಬೇಕು. 1861ರಷ್ಟು ಹಿಂದೆಯೇ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಆಯುಧ ಕಾನೂನಿನ ಕಟ್ಟಿನಿಂದ ಬಿಡಿಸಿದ್ದನು. ಸ್ವತಂತ್ರ ಭಾರತವೂ ಆ ವಿನಾಯಿತಿಯನ್ನು ಉಳಿಸಿಕೊಂಡು ಬಂದಿದೆ. 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಲಾಯಿತು. ಉಳಿದ ಮಲೆನಾಡಿನ ಕೃಷಿಕನ ಪಾಡು ಬೇರೆ. ಬೆಳೆರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿಯನ್ನು ಆತ ಪ್ರತಿ ಚುನಾವಣೆಗೂ ಠಾಣೆಗೆ ಹೊತ್ತುಹಾಕಿ, ಅದು ತುಕ್ಕು ಹಿಡಿಯದೆ ಮರಳಿ ಬರಲೆಂದು ದೇವರಲ್ಲಿ ಮೊರೆಯಿಡಬೇಕು!

ಇನ್ನು ಈ ಜೋಡುನಳಿಗೆ. ಎರಡು ನಳಿಗೆಗಳನ್ನು ಅಕ್ಕಪಕ್ಕ ಬೆಸೆದ ಈ ಕೋವಿ ಹಕ್ಕಿಬೇಟೆಗೆಂದೇ ಹುಟ್ಟಿದ್ದು. ಇದರ ಬಾಯಿಯಿಂದ ಹೊರಡುವುದು ಒಂದು ಗುಂಡಲ್ಲ, ಚರೆಗಳ ಹಿಂಡು. ಇಂಗ್ಲಿಷ್ ಅಳತೆಯ 6ನೆಯ ನಂಬರಿನ ಚರೆಯಾದರೆ ಒಂದು ಔನ್ಸಿಗೆ ಸುಮಾರು 270 ಕಾಳು. ‘ಹನ್ನೆರಡು ಬೋರು’ ಎಂಬ ಹೆಸರಿಗೂ ಒಂದು ಸೊಗಸಾದ ಲೆಕ್ಕವುಂಟು. ಒಂದು ಪೌಂಡು ಸೀಸದಲ್ಲಿ ಸಮನಾದ ಹನ್ನೆರಡು ಉಂಡೆ ಮಾಡಿದರೆ, ಆ ಉಂಡೆ ಹಿಡಿಸುವಷ್ಟು ಅಗಲ ಆ ನಳಿಗೆಗೆ: ಸುಮಾರು 18.5 ಮಿಲಿಮೀಟರು. ಬಲದ ನಳಿಗೆಯ ಬಾಯಿ ಸಡಿಲು, ಎಡದ್ದು ತುಸು ಬಿಗಿ. ಬಿಗಿಯೆಂದರೆ ಪೂರ್ತಿ ಬಿಗಿಯಲ್ಲೂ ಒಂದು ಮಿಲಿಮೀಟರಿನಷ್ಟೇ. ಆದರೂ ನಲವತ್ತು ಗಜ ದೂರದ ಮೂವತ್ತು ಅಂಗುಲ ಅಗಲದ ವೃತ್ತದೊಳಗೆ ಸಡಿಲು ನಳಿಗೆ ನೂರಕ್ಕೆ ನಲವತ್ತರಷ್ಟು ಚರೆಗಳನ್ನು ಹಾಕಿದರೆ, ಪೂರ್ತಿ ಬಿಗಿಯಾದುದು ಎಪ್ಪತ್ತರಷ್ಟನ್ನು ಹಾಕುತ್ತದೆ. ಹಕ್ಕಿ ಕಾಲಬುಡದಿಂದ ಎದ್ದಾಗ ಮೊದಲು ಬಲ, ಅದು ತಪ್ಪಿ ಹಕ್ಕಿ ದೂರವಾದರೆ ಎಡ. ಎರಡು ಟ್ರಿಗರುಗಳ ಮರ್ಮವಿದು.

ಇಂಥ ಕೋವಿಗಳಲ್ಲಿ ಶ್ರೀಮಂತರದೊಂದು ಜಾತಿ, ಸಾಮಾನ್ಯರದೊಂದು ಜಾತಿ. ಲಂಡನ್ನಿನ ಹೆಸರಾಂತ ಕಮ್ಮಟಗಳಲ್ಲಿ ಅಳತೆ ಕೊಟ್ಟು ಮಾಡಿಸಿದ ಕೋವಿ ಮಹಾರಾಜರಿಗೂ ದೊಡ್ಡ ಅಧಿಕಾರಿಗಳಿಗೂ ಸಂದ ಭಾಗ್ಯ. ನಾಲ್ಕಾರು ಎಕರೆ ಗದ್ದೆ, ಒಂದಿಷ್ಟು ಕಾಫಿ ಇದ್ದ ಮನೆಗೆ ಬಂದುದು ಬರ್ಮಿಂಗ್‌ಹ್ಯಾಮಿನ ಅಥವಾ ಬೆಲ್ಜಿಯಮ್ಮಿನ ಅಗ್ಗದ ಕೋವಿ. ಬರ್ಮಿಂಗ್‌ಹ್ಯಾಮಿನಲ್ಲಿ 1875ರಲ್ಲಿ ಆನ್ಸನ್ ಮತ್ತು ಡೀಲಿ ಎಂಬಿಬ್ಬರು ಕೆಲವೇ ಬಿಡಿಭಾಗಗಳ ಸರಳವಾದ ಯಂತ್ರವೊಂದನ್ನು ಕಂಡುಹಿಡಿದರು. ನಳಿಗೆಯನ್ನು ಮಡಿಸಿ ತೆರೆದರೆ ಸಾಕು, ಒಳಗಿನ ಕುದುರೆಗಳು ತಾವಾಗಿ ಹೂಡಿಕೊಳ್ಳುತ್ತವೆ. ಅಗ್ಗದ ಕೋವಿಗೆ ಮಾನ ಬಂದದ್ದು ಬಹುಪಾಲು ಈ ಯಂತ್ರದಿಂದಲೇ. ಬೆಲ್ಜಿಯಮ್ಮಿನ ಲಿಯೇಜ್ ಪಟ್ಟಣದ ಕಥೆಯಂತೂ ನಮ್ಮ ನೇಕಾರರ ಊರುಗಳದರಂತೆಯೇ. ಸುತ್ತಲ ಕಣಿವೆಯ ಹಳ್ಳಿಗಳಲ್ಲಿ ಒಂದು ಮನೆಯವರು ನಳಿಗೆ ಬಡಿದರೆ, ಇನ್ನೊಂದು ಮನೆಯವರು ಬೀಗ ಅರೆಯುವರು, ಮತ್ತೊಬ್ಬರು ಮರ ಕೆತ್ತುವರು. ಹೀಗೆ ಕೂಡಿಬಂದ ಕೋವಿಗೆ ಮಾಡಿದವನ ಹೆಸರೇ ಇಲ್ಲದೆ, ಮಾರುವವನ ಹೆಸರು ಬೀಳುತ್ತಿತ್ತು. ಕಲ್ಕತ್ತೆಯ ರೊಡ್ಡಾ, ಮ್ಯಾಂಟನ್ ಮೊದಲಾದ ವರ್ತಕರ ಹೆಸರು ಹೊತ್ತ ಎಷ್ಟೋ ಕೋವಿಗಳು ಹೀಗೆಯೇ ಯೂರೋಪಿನ ಕಮ್ಮಟಗಳಿಂದ ಬಂದವು. 1914ರ ಆಗಸ್ಟಿನಲ್ಲಿ ಜರ್ಮನ್ ಸೇನೆ ಲಿಯೇಜನ್ನು ಹಿಡಿಯುವವರೆಗೆ ಆ ಊರು ಜಗತ್ತಿನ ಬಡ ಬೇಟೆಗಾರರಿಗೆಲ್ಲ ತವರಾಗಿದ್ದಿತು. ಮುಂದೆ ಆ ಪಟ್ಟವನ್ನು ಸ್ಪೇನಿನ ಐಬಾರ್ ಏರಿತು. ಈಗ ಅಮೆರಿಕದ ಹಕ್ಕಿಬೇಟೆಗಾರರು ಅಗ್ಗದ ಜೋಡುನಳಿಗೆಗೆ ತುರ್ಕಿಯ ಕಡೆ ನೋಡುತ್ತಾರಂತೆ. ನಮ್ಮಲ್ಲಿ 1980ರ ದಶಕದಲ್ಲಿ ಜನಸಾಮಾನ್ಯರಿಗೆ ಕೋವಿಗಳ ಆಮದು ನಿಂತುಹೋದುದರಿಂದ, ಅಜ್ಜಂದಿರು ಬಿಟ್ಟುಹೋದುದೇ ನಮ್ಮ ಪಾಲಿನ ‘ಫಾರಿನ್’.

ಯಜಮಾನರ ತಂದೆ ಈ ಕೋವಿಯನ್ನು 1920ರ ದಶಕದಲ್ಲಿ, ಊರಿಗೆ ಮರಳುತ್ತಿದ್ದ ತೋಟದ ದೊರೆಯೊಬ್ಬನಿಂದ ಕೊಂಡರಂತೆ. ಅದರ ಗುಣಗಾನಕ್ಕೆ ಯಜಮಾನರು ತೊಡಗಿದರೆ ಕಾಫಿ ಆರಿ ತಣ್ಣಗಾಗುತ್ತದೆ. ಮುಂಜಾವದ ಮಂಜಿನಲ್ಲಿ ತೋಟದಂಚಿಗೆ ಬರುವ ಕಾಡುಕೋಳಿ. ಅತ್ತಿಮರ ಹಣ್ಣಾದಾಗ ಇಳಿಯುವ ಹಸಿರು ಪಾರಿವಾಳ. ಚಳಿಗಾಲದಲ್ಲಿ ಗದ್ದೆಯ ಕೆಸರಿಗೆ ಬಂದು, ಕಾಲ ಸಪ್ಪಳಕ್ಕೆ ಚಕ್ಕನೆದ್ದು ಓರೆಕೋರೆಯಾಗಿ ಹಾರುವ ಉದ್ದ ಕೊಕ್ಕಿನ ಸ್ನೈಪ್ ಹಕ್ಕಿ. (ಯುದ್ಧದ ಸುದ್ದಿಯಲ್ಲಿ ನಾವು ಓದುವ ‘ಸ್ನೈಪರ್’ ಎಂಬ ಶಬ್ದ ಹುಟ್ಟಿದ್ದು ಈ ಹಕ್ಕಿಯನ್ನು ಹೊಡೆಯುವವನಿಂದ, ಅದೂ ಹದಿನೆಂಟನೆಯ ಶತಮಾನದ ಭಾರತದಲ್ಲಿದ್ದ ಇಂಗ್ಲಿಷರ ಬಾಯಲ್ಲಿ. ಭಾಷೆಯ ಮೇಷ್ಟರಿಗೆ ಇಷ್ಟು ಅಡ್ಡಮಾತು ಕ್ಷಮ್ಯ.) ಕೋವಿ ಹಗುರ, ಹೆಗಲಿಗೆತ್ತಿದರೆ ತಾನಾಗಿ ಹಕ್ಕಿಯ ಕಡೆ ತಿರುಗುತ್ತಿತ್ತೆಂದು ಅವರ ಪ್ರಶಂಸೆ. ದೂರುಗಳೂ ಇಲ್ಲದಿಲ್ಲ. ಕೊಡಗಿನ ಮಳೆಗಾಲಕ್ಕೆ ಕಾಗದದ ತೋಟಾ ಉಬ್ಬಿ ಗೂಡಿನಲ್ಲಿ ಸಿಕ್ಕಿಕೊಂಡು, ಹಕ್ಕಿ ಹಾರಿಹೋದ ಮೇಲೆ ಚಾಕುವಿನಿಂದ ಕೀಳಬೇಕಾಗುತ್ತಿತ್ತು. ಒಮ್ಮೆ ಯಜಮಾನರೇ ಹುಡುಗುತನದಲ್ಲಿ ಅದರ ಬೀಗಕ್ಕೆ ತೆಂಗಿನೆಣ್ಣೆ ಹೊಯ್ದರು. ಪುಷ್ಯಮಾಸದ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಕುದುರೆ ಅಲುಗದೆ, ತಂದೆಯ ಕೈಯಿಂದ ತಪ್ಪಿದ ಕಾಡುಕೋಳಿಗಾಗಿ ಮಗನ ಕೆನ್ನೆ ಉರಿಯಿತು.

ಈ ಬೇಟೆಯೆಲ್ಲ ಮುಗಿದ ಕಥೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೊದಲಿಗೆ ಸಣ್ಣಬೇಟೆಗೆ ಲೈಸೆನ್ಸಿನ ಒಂದು ಕಿಂಡಿಯನ್ನುಳಿಸಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಮುಚ್ಚಿದ್ದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ. ಯಜಮಾನರದೂ ಹೆಚ್ಚುಕಡಮೆ ಅದೇ. ಈಗ ಬೆಳಗಿನ ಕಾಡುಕೋಳಿಯ ಕೂಗನ್ನು ಅವರು ಜಗಲಿಯಲ್ಲಿ ಕುಳಿತೇ ಎಣಿಸುತ್ತಾರೆ.

ನಾನು ನಳಿಗೆಯ ಕೆಳಗಿನ ಮರದ ತುಂಡನ್ನು ಕಳಚಿಸಿ, ಅಡಿಭಾಗವನ್ನು ಸೀಮೆಎಣ್ಣೆಯಿಂದ ಒರೆಸಿ, ಭೂತಗನ್ನಡಿ ಹಿಡಿದು ಕುಳಿತೆ. ಕಂಡದ್ದನ್ನೆಲ್ಲ ಬರೆದುಕೊಂಡು, ಗುರುತುಗಳ ಪಟ್ಟಿಯುಳ್ಳ ಪುಸ್ತಕವನ್ನು ತರಿಸಿ ಎರಡು ರಾತ್ರಿ ಹೋಲಿಸಿದೆ. ಮೊಟ್ಟೆಯಾಕಾರದೊಳಗೆ ಇ, ಎಲ್, ಜಿ ಎಂಬ ಮೂರು ಇಂಗ್ಲಿಷ್ ಅಕ್ಷರ: ಲಿಯೇಜಿನ ಪರೀಕ್ಷಾಲಯದ ಮುದ್ರೆ. 1672ರಲ್ಲಿ ಸ್ಥಾಪಿತವಾದ ಈ ಪರೀಕ್ಷಾಲಯದಲ್ಲಿ ಹೆಚ್ಚು ಮದ್ದು ತುಂಬಿ ಹಾರಿಸಿ, ತಾಳಿಕೊಂಡ ನಳಿಗೆಗಷ್ಟೇ ಮುದ್ರೆಯೊತ್ತುವರು. ಪಕ್ಕದಲ್ಲಿ ‘ಪೆರೋಂ’ ಎಂಬ ಆ ಊರಿನ ಕಂಬದ ಚಿತ್ರ. 18.4 ಎಂಬ ಅಂಕಿ: ನಳಿಗೆಯ ಅಗಲ. ಎಡನಳಿಗೆಯಲ್ಲಿ ಮಾತ್ರ ‘ನೋಂ ಪೂರ್ ಬಾಲ್’ ಎಂಬ ಫ್ರೆಂಚ್ ಮಾತು. ಬಾಯಿ ಬಿಗಿಯಾದುದರಿಂದ ಒಂಟಿಗುಂಡು ಹಾಕಬೇಡ ಎಂದರ್ಥ. ಲಿಯೇಜಿನವರು 1922ರಿಂದ ವರ್ಷಕ್ಕೊಂದು ಅಕ್ಷರವನ್ನು ಒತ್ತತೊಡಗಿದರು, ಅದಿಲ್ಲ. ಹೊಗೆಯಿಲ್ಲದ ಹೊಸ ಮದ್ದಿನಿಂದ ಪರೀಕ್ಷಿಸಿದ ಕೋವಿಗೆ ಪಿ, ವಿ ಎಂಬೆರಡು ಅಕ್ಷರಗಳ ಮೇಲೆ ಸಿಂಹದ ಮುದ್ರೆಯಿರಬೇಕು. ಎಷ್ಟು ಉಜ್ಜಿದರೂ ಸಿಂಹ ಬರಲಿಲ್ಲ.

ಶಾಸನದಲ್ಲಿ ಇರುವ ಅಕ್ಷರಕ್ಕಿಂತ ಇಲ್ಲದ ಅಕ್ಷರ ಹೆಚ್ಚು ಹೇಳುವುದುಂಟು. ಇದು ಕರಿಮದ್ದಿನ ಕಾಲದ ಕೋವಿ. ಬಿಸಿಲಿಗೆ ಹಿಡಿದಾಗ ನಳಿಗೆಯ ಮೈಯಲ್ಲಿ ಹಾವಿನ ಪೊರೆಯಂಥ ಸುರುಳಿಗೆರೆಗಳು ಕಾಣಿಸಿದವು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸರಳಿಗೆ ಸುತ್ತಿ, ಕಾಯಿಸಿ ಬಡಿದು ಮಾಡಿದ ‘ಡಮಾಸ್ಕಸ್’ ನಳಿಗೆಯಿದು. ಕಣ್ಣಿಗೆ ಹಬ್ಬ. ಆದರೆ ಆ ಬೆಸುಗೆಗಳ ನಡುವೆ ನೂರು ವರ್ಷದ ತುಕ್ಕು ಎಲ್ಲಿ ಅವಿತಿದೆಯೋ ಬಲ್ಲವರಾರು? ಮೇಲಾಗಿ ಇಂಥ ಹಳೆಯ ಕೋವಿಯ ತೋಟಾ ಕೂರುವ ಗೂಡು ಸಾಮಾನ್ಯವಾಗಿ 65 ಮಿಲಿಮೀಟರಿನದು. ಮೊಮ್ಮಗ ತಂದಿದ್ದ ತೋಟಾ 70ರದು. ಇಲ್ಲೊಂದು ಮೋಸವುಂಟು. ತೋಟಾದ ಮೇಲೆ ಅಚ್ಚಾಗಿರುವ ಉದ್ದ, ಹಾರಿ ಬಾಯಿ ಬಿಚ್ಚಿದ ಮೇಲಿನ ಉದ್ದ. ಬಾಯಿ ಮಡಿಸಿಕೊಂಡಿರುವಾಗ ಅದು ಗಿಡ್ಡ ಗೂಡಿನಲ್ಲೂ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ. ಹಾರುವಾಗ ಬಾಯಿ ಬಿಚ್ಚಲು ಎಡೆಯಿಲ್ಲದೆ ಒಳಗಿನ ಒತ್ತಡ ಏರುತ್ತದೆ. “ಕೂತಿತಲ್ಲ, ಸರಿಯಾಗಿದೆ” ಎಂದುಕೊಂಡವನಿಗೆ ಇದು ತಿಳಿಯುವ ಬಗೆಯೆಂತು?

ನಾನು ಓದಿದುದನ್ನು ಹೇಳಿ ಮುಗಿಸಿದಾಗ ಮೊಮ್ಮಗ ಪೆಚ್ಚಾದನು. ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನಿಧಾನವಾಗಿ, “ಅಪ್ಪ ಈ ಕೋವಿಗೆ ಅಂಗಡಿ ತೋಟಾ ಹಾಕುತ್ತಿರಲಿಲ್ಲ ಮೇಷ್ಟ್ರೇ. ಹಿತ್ತಾಳೆ ತೋಟಾಗಳಿಗೆ ತಾವೇ ಕರಿಮದ್ದು ತುಂಬುತ್ತಿದ್ದರು. ಜಿಪುಣತನ ಎಂದು ನಾವು ನಗುತ್ತಿದ್ದೆವು” ಎಂದರು. ತಂದೆ ತೀರಿಕೊಂಡ ಮೇಲೆ ಮಕ್ಕಳು ಅಂಗಡಿಯ ತೋಟಾಗಳನ್ನೇ ಹಾರಿಸಿದರು, ಎಷ್ಟೋ ವರ್ಷ.

ಅನಂತರ ಅವರು ಹೇಳಿದ್ದು ತಮ್ಮನ ಸಂಗತಿ. ತಮ್ಮನೂ ಇಂಥದೇ ಸುರುಳಿಗೆರೆಯ ಬೆಲ್ಜಿಯಂ ಕೋವಿಯೊಂದನ್ನು ಅಗ್ಗಕ್ಕೆ ಕೊಂಡಿದ್ದನು. 1966ರ ಒಂದು ಬೆಳಗ್ಗೆ ಗದ್ದೆಯಲ್ಲಿ ಅದರ ಎಡನಳಿಗೆ ಸೀಳಿ, ಅವನ ಎಡಗೈಯ ಎರಡು ಬೆರಳು ಹೋದವು. ನಳಿಗೆಯ ಬಾಯಿಗೆ ಕೆಸರು ಮೆತ್ತಿಕೊಂಡದ್ದನ್ನು ನೋಡದೆ ಹೊಡೆದನೆಂದು ಮನೆಯವರೆಲ್ಲರ ತೀರ್ಮಾನ. ಕೆಸರಿನಿಂದ ಕೋವಿ ಒಡೆಯುವುದು ಸುಳ್ಳಲ್ಲ; ಎಷ್ಟೋ ಕೋವಿಗಳು ಹಾಗೆಯೇ ಒಡೆದಿವೆ. ಆದರೆ ತಮ್ಮ ಕೆಸರಿರಲಿಲ್ಲವೆಂದೇ ಸಾಯುವವರೆಗೆ ಸಾಧಿಸಿದನು. ಯಾರೂ ನಂಬಲಿಲ್ಲ. ಆಮೇಲೆ ಮನೆಯಲ್ಲಿ ಕೋವಿಯನ್ನು ಅವನ ಕೈಗೆ ಕೊಡುವುದನ್ನೇ ನಿಲ್ಲಿಸಿದರು, ಹಬ್ಬದ ದಿನವೂ.

“ಸೀಳಿದ್ದು ಎಲ್ಲಿ, ಬಾಯಿಯ ಕಡೆಯೋ?” ಎಂದು ಕೇಳಿದೆ.

“ಅಲ್ಲ. ಹಿಂದೆ, ಎಡಗೈ ಹಿಡಿಯುವಲ್ಲಿ.”

ಬಾಯಿಗೆ ಕೆಸರು ಕಟ್ಟಿಕೊಂಡರೆ ನಳಿಗೆ ಉಬ್ಬಿ ಸೀಳುವುದು ಸಾಮಾನ್ಯವಾಗಿ ಅದು ಕಟ್ಟಿದ ಜಾಗದಲ್ಲೇ. ತೋಟಾದ ಒತ್ತಡಕ್ಕೆ ಸೋತ ನಳಿಗೆ ಸೀಳುವುದು ಗೂಡಿನ ಬಳಿ ಅಥವಾ ಅದಕ್ಕೆ ತುಸು ಮುಂದೆ. ಇದನ್ನು ಹೇಳಬೇಕೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಹೇಳಿದೆ. ಅರುವತ್ತು ವರ್ಷದ ಹಿಂದಿನ ಒಡೆದ ಕೋವಿಯನ್ನು ಕಣ್ಣಾರೆ ಕಾಣದೆ ತೀರ್ಪು ಕೊಡಲಾಗದೆಂದೂ ಸೇರಿಸಿದೆ. ಯಜಮಾನರು ಹೌದೆಂಬಂತೆ ತಲೆಯಾಡಿಸಿದರು. “ಆ ತೋಟಾ ಅವನಿಗೆ ಕೊಟ್ಟವನು ನಾನೇ” ಎಂದರು.

ಮನೆಯಲ್ಲಿ ಇಂಥ ಕೋವಿಯಿರುವ ವಾಚಕರಿಗೆ ಎರಡು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಖಾಲಿಯಾದ ಕೋವಿಯ ನಳಿಗೆಯನ್ನು ಕಳಚಿ, ಕೊಕ್ಕೆಯಿಂದ ತೂಗಹಾಕಿ ಬೆರಳಿನಿಂದ ತಟ್ಟಿದರೆ ಗಂಟೆಯಂತೆ ನುಡಿಯಬೇಕು. ಒಡಕು ಸದ್ದಾದರೆ ನಡುವಿನ ಬೆಸುಗೆ ಬಿಟ್ಟಿದೆ. ಮುಚ್ಚಿದ ಕೋವಿಯನ್ನು, ಮುಂದಿನ ಮರ ತೆಗೆದು ಅಲುಗಿಸಿದರೆ ಗಡಗಡ ಎನ್ನಬಾರದು. ಇಪ್ಪತ್ತು ಬೋರಿನ ತೋಟಾ ಹನ್ನೆರಡು ಬೋರಿನ ಮನೆಯಲ್ಲಿ ಸುಳಿಯಲೇಬಾರದು: ಅದು ಗೂಡಿನಿಂದ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ನಳಿಗೆ ಖಾಲಿಯೆಂದು ತಿಳಿದವನು ಹಿಂದೆ ಇನ್ನೊಂದನ್ನು ತುಂಬುತ್ತಾನೆ. ಇಪ್ಪತ್ತರ ತೋಟಾಕ್ಕೆ ಹಳದಿ ಬಣ್ಣ ಬಳಿಯುವ ರೂಢಿ ಬಂದದ್ದು ಇದಕ್ಕಾಗಿಯೇ. ಈ ಪರೀಕ್ಷೆಗಳಲ್ಲಿ ಗೆದ್ದ ಕೋವಿಯೂ ಡಮಾಸ್ಕಸ್ ನಳಿಗೆಯದಾದರೆ, ಬಲ್ಲ ಕೋವಿ ಕಮ್ಮಾರನಿಗೆ ತೋರಿಸದೆ ಹಾರಿಸುವುದು ಬೇಡ.

ಹಬ್ಬದ ದಿನ ಕನ್ನಿಕೋಂಬರೆಯಲ್ಲಿ ದೀಪದೆದುರು ಕೋವಿಗಳನ್ನು ಸಾಲಾಗಿಟ್ಟಿದ್ದರು. ಬೆಲ್ಜಿಯಂ ಕೋವಿಯ ಎರಡು ಬಾಯಿಗಳಿಗೂ ತೋಕ್‌ಪೂ ಸಿಕ್ಕಿಸಿತ್ತು. ಬೆಂಕಿಯ ನಾಲಗೆಯಂತಿರುವ ಆ ಕೆಂಪು ಹೂವಿಗೆ ಕೊಡವರಿಟ್ಟ ಹೆಸರೇ ‘ಕೋವಿಯ ಹೂ’. ಕಡಂಬುಟ್ಟಿನ ಊಟವಾದ ಮೇಲೆ ಮೊಮ್ಮಗ ನೆರೆಮನೆಯ ಹೊಸ ಕೋವಿಯಿಂದ ತೆಂಗಿನಕಾಯಿಗೆ ಗುರಿಯಿಟ್ಟು, ಎರಡು ಸಲ ತಪ್ಪಿ, ಮೂರನೆಯದರಲ್ಲಿ ಒಡೆದನು.

ಮರುದಿನ ಯಜಮಾನರು ಮೊಮ್ಮಗನನ್ನು ಕರೆದುಕೊಂಡು ತಮ್ಮನ ಮಗನ ಮನೆಗೆ ಹೋಗಿ ಸಂಜೆ ಹಿಂದಿರುಗಿದರು. ಅಲ್ಲಿ ಏನು ಮಾತಾಯಿತೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಜಗಲಿಗೆ ಬಂದು ಹಳೆಯ ಕೋವಿಯನ್ನು ಮಡಿಸಿ ತೆರೆದು, ಎರಡು ನಳಿಗೆಗಳಿಂದಲೂ ಆಕಾಶ ನೋಡಿ, ಮೊಮ್ಮಗನ ಕೈಗೆ ಕೊಟ್ಟರು.

“ಎಣ್ಣೆ ಒರೆಸಿ ಇಡು. ತೆಂಗಿನೆಣ್ಣೆಯಲ್ಲ.”