ಮುಖ ನೋಡಿ ಮಣೆ ಹಾಕುವ ವೆಬ್‌ಸೈಟುಗಳು: ಬ್ರೌಸರ್ ಯಾಕೆ ಸುಳ್ಳು ಹೇಳಬೇಕಾಗಿದೆ?

ನೀವು ಯಾವುದೇ ವೆಬ್‌ಸೈಟ್ ತೆರೆದಾಗ, ಪುಟ ಬರುವ ಮೊದಲೇ ನಿಮ್ಮ ಬ್ರೌಸರ್ ಒಂದು ಸಾಲಿನ ಪರಿಚಯ ಕಳಿಸಿರುತ್ತದೆ: ನಾನು ಇಂಥ ಬ್ರೌಸರ್, ಇಂಥ ಆವೃತ್ತಿ, ಇಂಥ ಸಾಧನ. ಇದಕ್ಕೆ ‘ಯೂಸರ್ ಏಜೆಂಟ್’ ಅಂತ ಹೆಸರು. ಮೊಬೈಲಿಗೆ ಹೊಂದುವ ಪುಟ ಕೊಡಲು, ದೋಷ ಹುಡುಕಲು ಇದು ಬೇಕು. ಆದರೆ ಇದೇ ಸಾಲು ನೋಡಿ ಕೆಲವು ತಾಣಗಳು ಒಬ್ಬರಿಗೆ ಪೂರ್ತಿ ಪುಟ ಕೊಡುತ್ತವೆ, ಇನ್ನೊಬ್ಬರಿಗೆ ಅರೆಬರೆ ಪುಟ, ಮತ್ತೊಬ್ಬರಿಗೆ ‘ನಿಮ್ಮ ಬ್ರೌಸರ್ ಇಲ್ಲಿ ನಡೆಯಲ್ಲ’ ಎಂಬ ಉತ್ತರ.

ಇದು ವೆಬ್‌ನಷ್ಟೇ ಹಳೆಯ ರೋಗ. 1994ರಲ್ಲಿ ಬಂದ ನೆಟ್‌ಸ್ಕೇಪ್ ಬ್ರೌಸರ್ ತನ್ನನ್ನು ‘ಮೊಜಿಲ್ಲಾ’ ಎಂದು ಪರಿಚಯಿಸಿಕೊಳ್ಳುತ್ತಿತ್ತು. ಅದಕ್ಕೆ ಹೊಸ ಸೌಲಭ್ಯಗಳು ಸೇರಿದಂತೆ, ಅನೇಕ ಸರ್ವರ್‌ಗಳು ಆ ಹೆಸರು ಹೇಳಿದವರಿಗೆ ಮಾತ್ರ ಒಳ್ಳೆಯ ಪುಟ ಕೊಡತೊಡಗಿದವು. ಆಗ ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ‘ನಾನೂ ಮೊಜಿಲ್ಲಾ’ ಅಂದಿತು. ಇವತ್ತಿಗೂ ಕ್ರೋಮ್, ಸಫಾರಿ, ಎಡ್ಜ್ ಎಲ್ಲದರ ಪರಿಚಯದ ಸಾಲು ಶುರುವಾಗುವುದು ‘ಮೊಜಿಲ್ಲಾ/5.0’ ಅಂತಲೇ!

ಸಣ್ಣವರ ಪಾಡು ಇಷ್ಟು ತಮಾಷೆಯದಲ್ಲ. 2001ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಎಂಎಸ್‌ಎನ್ ತಾಣ, ನಾರ್ವೆಯ ಒಪೆರಾ ಸೇರಿದಂತೆ ಕೆಲವು ಬ್ರೌಸರ್‌ಗಳಿಗೆ ಬಾಗಿಲು ಮುಚ್ಚಿತು. ಟೀಕೆ ಜೋರಾದ ಮೇಲೆ ತೆರೆಯಿತು. 2003ರಲ್ಲಿ ಒಪೆರಾ ಇನ್ನೊಂದು ಆರೋಪ ಮಾಡಿತು: ಪುಟ ವಕ್ರವಾಗಿ ಕಾಣುವಂತೆ ಎಂಎಸ್‌ಎನ್ ತನಗೆ ಬೇರೆಯದೇ ವಿನ್ಯಾಸದ ಕಡತ ಕಳಿಸುತ್ತಿದೆ. ಅವರು ಮಾಡಿದ ಪರೀಕ್ಷೆ ಸರಳ. ಪರಿಚಯದಲ್ಲಿ ‘ಒಪೆರಾ’ ತೆಗೆದು ‘ಓಪ್ರಾ’ ಅಂತ ಹಾಕಿದರು. ಬ್ರೌಸರ್ ಅದೇ, ಬದಲಾದದ್ದು ಹೆಸರು ಮಾತ್ರ. ಆ ಕಡತ ಬರುವುದು ನಿಂತುಹೋಯಿತು.

ಒಪೆರಾದ ಸಹಸಂಸ್ಥಾಪಕ ಯೋನ್ ವೋನ್ ಟೆಟ್ಸ್‌ನರ್ ಮುಂದೆ ‘ವಿವಾಲ್ಡಿ’ ಎಂಬ ಬ್ರೌಸರ್ ಕಟ್ಟಿದರು. ಇದರ ಒಳಗಿರುವುದು ಕ್ರೋಮ್‌ನದ್ದೇ ಎಂಜಿನ್. ಆದರೂ ಹೆಸರು ನೋಡಿ ತಡೆಯುವ ತಾಣಗಳ ಕಾಟ ತಪ್ಪಲಿಲ್ಲ. ಕೊನೆಗೆ 2019ರ ಡಿಸೆಂಬರ್‌ನಲ್ಲಿ ವಿವಾಲ್ಡಿ ತನ್ನ ಹೆಸರನ್ನೇ ಕೈಬಿಟ್ಟು, ಬಹುತೇಕ ತಾಣಗಳಿಗೆ ‘ನಾನು ಕ್ರೋಮ್’ ಅಂತ ಹೇಳತೊಡಗಿತು.

ರಾಜಕೀಯ ಇರುವುದು ಇಲ್ಲೇ. ಯಾವ ಬ್ರೌಸರನ್ನು ಎಷ್ಟು ಜನ ಬಳಸುತ್ತಾರೆ ಎಂಬ ಲೆಕ್ಕ ಸಾಮಾನ್ಯವಾಗಿ ಸಿಗುವುದೂ ಇದೇ ಸಾಲಿನಿಂದ. ಹೆಸರು ಮುಚ್ಚಿಟ್ಟ ಸಣ್ಣ ಬ್ರೌಸರ್ ದೊಡ್ಡದರ ಖಾತೆಗೆ ಸೇರುತ್ತದೆ. ‘ನೋಡಿ, ಎಲ್ಲರೂ ಕ್ರೋಮ್‌ನಲ್ಲೇ ಇದ್ದಾರೆ, ಬೇರೆಯದಕ್ಕೆ ಯಾಕೆ ಪರೀಕ್ಷೆ ಮಾಡಬೇಕು?’ ಎಂಬ ವಾದಕ್ಕೆ ಇನ್ನಷ್ಟು ಬಲ ಬರುತ್ತದೆ. ಮೊದಲು ಗುರುತು ಮುಚ್ಚಿಡುವಂತೆ ಮಾಡುವುದು, ಆಮೇಲೆ ‘ನೀವು ಇರೋದೇ ಇಲ್ಲವಲ್ಲ’ ಅನ್ನುವುದು. ಅಲ್ಪಸಂಖ್ಯಾತರ ವಿಷಯದಲ್ಲಿ ನಾವು ಇದನ್ನು ಬೇರೆ ಕಡೆಯೂ ಕಂಡಿದ್ದೇವೆ.

ನೆಟ್ ನ್ಯೂಟ್ರಾಲಿಟಿ ಇದನ್ನು ತಡೆಯಲ್ಲವೇ? ಇಲ್ಲ. 2016ರ ಫೆಬ್ರವರಿ 8ರಂದು ಟ್ರಾಯ್ ತಂದ ನಿಯಮ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್‌ಗೆ ತಡೆ ಹಾಕಿತು, ನಿಜ. ಆದರೆ ಅದು ಕಟ್ಟಿಹಾಕಿದ್ದು ಇಂಟರ್ನೆಟ್ ಸಂಪರ್ಕ ಕೊಡುವ ಕಂಪನಿಗಳನ್ನು. ದಾರಿಯಲ್ಲಿ ತಾರತಮ್ಯ ಕೂಡದು ಅಂತಾಯಿತು, ಬಾಗಿಲಲ್ಲಿ ನಡೆಯುವುದನ್ನು ಅದು ಮುಟ್ಟಲಿಲ್ಲ.

ಭದ್ರತೆಯಿಲ್ಲದ ಹಳೇ ಬ್ರೌಸರನ್ನು ಬ್ಯಾಂಕ್ ತಡೆದರೆ ಅದಕ್ಕೆ ಅರ್ಥವಿದೆ. ಉಳಿದಂತೆ ದಾರಿ ಗೊತ್ತಿರುವುದೇ: ‘ನೀನು ಯಾರು?’ ಅಂತ ಕೇಳುವ ಬದಲು ‘ನಿನಗೆ ಈ ಕೆಲಸ ಬರುತ್ತಾ?’ ಅಂತ ಕೇಳುವುದು. ಬೇಕಾದ ಸೌಲಭ್ಯ ಬ್ರೌಸರ್‌ನಲ್ಲಿ ಇದೆಯೇ ಅಂತ ನೇರವಾಗಿ ಪರೀಕ್ಷಿಸುವ ಕೋಡ್ ಬರೆಯುವುದು ಕಷ್ಟವೇನಲ್ಲ.

ಖಾಸಗಿ ತಾಣ ಬೇಡವೆಂದರೆ ಇನ್ನೊಂದಕ್ಕೆ ಹೋಗಬಹುದು. ಪಹಣಿಗೆ, ವಿದ್ಯಾರ್ಥಿವೇತನಕ್ಕೆ ಇನ್ನೊಂದು ಸರ್ಕಾರ ಇದೆಯೇ? ‘ಇಂಥದ್ದೇ ಬ್ರೌಸರ್ ಬಳಸಿ’ ಅನ್ನುವ ಸರ್ಕಾರಿ ಪುಟ ಕಂಡರೆ ಬ್ರೌಸರ್ ಬದಲಿಸಿ ಸುಮ್ಮನಾಗಬೇಡಿ. ಸ್ಕ್ರೀನ್‌ಶಾಟ್ ಸಮೇತ ಒಂದು ದೂರು ಹಾಕಿ. ನೀವು ಇದ್ದೀರಿ ಎಂಬ ಲೆಕ್ಕವಾದರೂ ಅವರ ಬಳಿ ಉಳಿಯಲಿ.