ಮನೆಯ ಜನರೇಟರೂ ಸ್ವಯಂಚಾಲಿತ ಬದಲಿ ಸ್ವಿಚ್ಚೂ

ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿಗೂ ಬಂದಿತು. ಈಗ ತ್ಯಾಮಗೊಂಡ್ಲಿನಂತಹ ಊರುಗಳಲ್ಲಿಯೂ ದೀಪ, ನೀರು, ಹಾಲು ಕರೆಯುವ ಯಂತ್ರ ಎಲ್ಲಕ್ಕೂ ಅದೇ ಆಧಾರ. ಅದು ನಿಂತಾಗಿನ ಉಪಯೋಗಕ್ಕೆ ಅನುಕೂಲವಂತರು ಜನರೇಟರನ್ನು ಇಟ್ಟುಕೊಳ್ಳುವುದುಂಟು.

ಆದರೆ ಜನರೇಟರಿನ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಕೂಡದು. ಆ ಶಕ್ತಿಯು ಹಿಮ್ಮುಖವಾಗಿ ಹರಿದು ಊರಿನ ಟ್ರಾನ್ಸ್‌ಫಾರ್ಮರನ್ನು ಸೇರಿದರೆ 11,000 ವೋಲ್ಟಿನವರೆಗೂ ಏರಬಹುದು. ತಂತಿಯಲ್ಲಿ ಶಕ್ತಿಯಿಲ್ಲವೆಂದು ನಂಬಿ ಕಂಬವನ್ನೇರಿದ ಲೈನ್‌ಮನ್ನನ ಪ್ರಾಣವು ಹೋದೀತು.

ಇದನ್ನು ತಡೆಯುವುದೇ ಬದಲಿ ಸ್ವಿಚ್ಚು. ಮೀಟರಿನ ಮುಖ್ಯ ಸ್ವಿಚ್ಚಿಗೂ ಮನೆಯ ಹಂಚಿಕೆ ಪೆಟ್ಟಿಗೆಗೂ ನಡುವೆ ಇದನ್ನು ಇಡತಕ್ಕದ್ದು. ಒಂದು ಕಡೆಗೆ ಲೈನು, ಇನ್ನೊಂದು ಕಡೆಗೆ ಜನರೇಟರು, ಮೂರನೆಯದಕ್ಕೆ ಮನೆಯ ತಂತಿಗಳು. ಎರಡು ಮೂಲಗಳೂ ಏಕಕಾಲದಲ್ಲಿ ಕೂಡದಂತೆ ಯಾಂತ್ರಿಕ ಅಡ್ಡಗಟ್ಟು ಇರಲೇಬೇಕು. ಫೇಸಿನೊಡನೆ ನ್ಯೂಟ್ರಲೂ ಬದಲಾಗುವಂತೆ ಒಂದು ಫೇಸಿನ ಮನೆಗೆ 2 ಪೋಲಿನ, ಮೂರು ಫೇಸಿಗೆ 4 ಪೋಲಿನ ಸ್ವಿಚ್ಚು ಮೇಲು. ಭೂಸಂಪರ್ಕದ ತಂತಿಯನ್ನು ಮಾತ್ರ ಎಂದಿಗೂ ಕಡಿಯಬಾರದು.

ಲೈನು ನಿಂತೊಡನೆ ನಿಯಂತ್ರಕವು ಎಂಜಿನನ್ನು ನಡೆಸಿ, ವೋಲ್ಟೇಜು ಸ್ಥಿರವಾದ ಬಳಿಕ ಭಾರವನ್ನು ವಹಿಸುತ್ತದೆ. ಲೈನು ಮರಳಿದಾಗ ಸ್ವಲ್ಪ ಕಾಲ ಕಾದು ಹಿಂದಿರುಗಿಸುತ್ತದೆ. ವಿಷವಾಯುವಿನ ಭಯವುಂಟಾದುದರಿಂದ ಎಂಜಿನು ಮನೆಯ ಹೊರಗಿರಲಿ. ಈ ಕೆಲಸವನ್ನು ಲೈಸೆನ್ಸುಳ್ಳ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು.

ಗ್ರಾಮದ ಮುಖಂಡರು ಮೊದಲು ತಮ್ಮ ಮನೆಯಲ್ಲಿ ಈ ಕ್ರಮವನ್ನು ಅನುಸರಿಸಿದರೆ ಉಳಿದವರೂ ಅನುಸರಿಸುವರು.